ಒಂದೇ ಪೆಡಲಿನ ಸೈಕಲ್ಲು

ಸೈಕಲ್ಲು ಕಳವಾಗಿತ್ತು.

ಬಂಗಾರಪೇಟೆ ಪೊಲೀಸ್ ಠಾಣೆಗೆ ಸೈಕಲ್ ಕಳವು ಹೊಸದೇನಲ್ಲ. ವಾರಕ್ಕೊಂದು ಹೋಗುತ್ತಿತ್ತು. ಅದರಲ್ಲಿ ಅರ್ಧ ಯಾರೋ ನೆಂಟರು ಹೇಳದೆ ಕೇಳದೆ ತೆಗೆದುಕೊಂಡು ಹೋದದ್ದು. ಆದರೆ 1958ರ ಜನವರಿಯ ಆ ಶುಕ್ರವಾರ, ದಫೇದಾರ್ ಕೋದಂಡಪ್ಪ ಬೆಳಗಿನ ಕಾಫಿ ಮುಗಿಸುವ ಮೊದಲೇ ಬಂದ ದೂರು ಬೇರೆ ಥರದ್ದು. ಠಾಣೆಯ ಮೆಟ್ಟಿಲ ಮೇಲೆ ಎರಡು ಊರುಗೋಲು ಟಕ್ ಟಕ್ ಎಂದವು. ಹಿಂದೆಯೇ ಶ್ರೀರಾಮಪ್ಪನ ಮುಖ ಕಾಣಿಸಿತು.

“ಸಾಮಿ, ನನ್ನ ಸೈಕಲ್ಲು ಓಯ್ತು.”

“ಯಾವ ಸೈಕಲ್ಲಪ್ಪಾ?”

“ಒಂದೇ ಪೆಡಲಿರೋ ಸೈಕಲ್ಲು ಈ ಊರಾಗೆ ಇನ್ಯಾರತ್ರ ಐತೆ ಸಾಮಿ?”

ಯಾರ ಹತ್ತಿರವೂ ಇರಲಿಲ್ಲ. ಶ್ರೀರಾಮಪ್ಪನಿಗೆ ಇಪ್ಪತ್ತೆಂಟು ವಯಸ್ಸು. ಮೂರು ವರ್ಷದ ಹಿಂದೆ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ಎಡಗಾಲು ತೊಡೆಯವರೆಗೆ ಹೋಗಿತ್ತು. ಈಗ ಗಣಿಯ ಊರಾದ ಕೋರಮಂಡಲ್‌ನಲ್ಲಿ, ಗಣಿಗೆ ಇಳಿಯುವವರಿಗೆ ದೀಪ ಕೊಡುವ ಕೋಣೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಈಗಷ್ಟೇ ರೈಲಿನಿಂದ ಇಳಿದು ಬಂದಿದ್ದ.

ಅವನ ಸೈಕಲ್ಲನ್ನು ಊರೇ ಬಲ್ಲದು. ಎಡಗಡೆಯ ಪೆಡಲನ್ನು ಬುಡಸಮೇತ ಬಿಚ್ಚಿ ತೆಗೆದಿದ್ದರು. ಬಲಗಡೆಯ ಪೆಡಲಿಗೆ ಒಂದು ತಗಡಿನ ಬಟ್ಟಲು, ಹಳೆಯ ಟೈರಿನಿಂದ ಕೊಯ್ದ ಪಟ್ಟಿ. ಪಾದವನ್ನು ಅದರೊಳಗೆ ಬಿಗಿದುಕೊಂಡರೆ ಪೆಡಲನ್ನು ಕೆಳಕ್ಕೆ ಒತ್ತಲೂಬಹುದು, ಮೇಲಕ್ಕೆ ಎಳೆಯಲೂಬಹುದು. ಆ ಎಳೆತ ಕೈವಶವಾಗಲು ಅವನಿಗೆ ಎಂಟು ತಿಂಗಳು ಹಿಡಿದಿತ್ತು.

“ನಾಳಿದ್ದು ಭಾನುವಾರ ರೇಸು ಸಾಮಿ. ಕೋರಮಂಡಲ್ ಮೈದಾನದಿಂದ ನಮ್ಮೂರ ರೈಲ್ವೆ ಗೇಟು, ಇಲ್ಲಿಂದ ತಿರುಗಿ ಅಲ್ಲಿಗೆ. ಎಸರು ಕೊಟ್ಟಿವ್ನಿ.” ಶ್ರೀರಾಮಪ್ಪ ಒಂದು ಚೀಟಿ ಬಿಚ್ಚಿ ತೋರಿಸಿದ. ಕ್ರೀಡಾ ಸಮಿತಿಯ ಮೊಹರು ಅದರ ಮೇಲಿತ್ತು. “ಕಾಲು ಓದಾಗಿಂದ ಜನ ನನ್ನ ಮೂಟೆ ತರ ಎತ್ತಿ ಕೂಡಿಸ್ತಾರೆ, ಎತ್ತಿ ಇಳಿಸ್ತಾರೆ. ಆ ಸೈಕಲ್ ಮ್ಯಾಲೆ ಕುಂತಾಗ ಒಬ್ಬರೂ ನನ್ನ ಮುಟ್ಟಲ್ಲ. ಅದು ಸಿಕ್ಕಲೇಬೇಕು ಸಾಮಿ.”

ಕೋದಂಡಪ್ಪ ಕಾಫಿ ಲೋಟ ಕೆಳಗಿಟ್ಟು ಟೋಪಿ ಹಾಕಿಕೊಂಡ. ಕಾಫಿ ಅರ್ಧಕ್ಕೆ ಬಿಡುವ ಜಾತಿಯ ಮನುಷ್ಯನಲ್ಲ ಅವನು. ಅಂದು ಬಿಟ್ಟ.

* * *

ಪಾಳಿಗೆ ರೈಲು ಹತ್ತುವ ಮೊದಲು ಶ್ರೀರಾಮಪ್ಪ ಸೈಕಲ್ಲು ಬಿಡುತ್ತಿದ್ದದ್ದು ರೈಲ್ವೆ ಗೇಟಿನ ಬಳಿ, ಚಿಕ್ಕಮುನಿಯಪ್ಪನ ಸೈಕಲ್ ಅಂಗಡಿಯ ಹಿಂದಿನ ಚಪ್ಪರದಲ್ಲಿ. ಚಿಕ್ಕಮುನಿಯಪ್ಪ ನಲವತ್ತೈದರ ಆಸುಪಾಸಿನವನು. ಮಕ್ಕಳಿಲ್ಲ. ಗಂಟೆ ಬಾಡಿಗೆಗೆ ಕೊಡುವ ಹನ್ನೊಂದು ಸೈಕಲ್ಲುಗಳನ್ನೇ ಮಕ್ಕಳ ಹಾಗೆ ಸಾಕುತ್ತಾನೆಂದು ಊರವರು ಆಡಿಕೊಳ್ಳುತ್ತಿದ್ದರು. ಶ್ರೀರಾಮಪ್ಪನ ಸೈಕಲ್ಲನ್ನು ಹಾಗೆ ಮಾರ್ಪಡಿಸಿದವನೂ ಅವನೇ, ಹೊಡೆಯಲು ಕಲಿಸಿದವನೂ ಅವನೇ.

“ಬೆಳಿಗ್ಗೆ ಬಂದು ನೋಡಿದ್ರೆ ಸರಪಳಿ ಬಿದ್ದೈತೆ, ಸೈಕಲ್ಲಿಲ್ಲ,” ಎಂದ ಚಿಕ್ಕಮುನಿಯಪ್ಪ. ಕಣ್ಣು ಕೆಂಪಗಿದ್ದವು. ನಿದ್ದೆ ಮಾಡಿದ ಹಾಗಿರಲಿಲ್ಲ.

ಕೋದಂಡಪ್ಪ ಕುಕ್ಕುರುಗಾಲಲ್ಲಿ ಕೂತು ಸರಪಳಿ ಎತ್ತಿಕೊಂಡ. ಒಂದು ಕೊಂಡಿಯನ್ನು ಗರಗಸದಿಂದ ಕೊಯ್ದಿದ್ದರು. ಕೊಯ್ದ ಬಾಯಿಯ ಮೇಲೆ ಹೆಬ್ಬೆರಳಾಡಿಸಿದ. ನುಣ್ಣಗಿತ್ತು. ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ.

ಆಮೇಲೆ ಅಭ್ಯಾಸದಂತೆ ಅವನ ಕಣ್ಣು ಚಿಕ್ಕಮುನಿಯಪ್ಪನ ಕಾಲುಗಳ ಮೇಲೆ ಹೋಯಿತು. ಇಪ್ಪತ್ತು ವರ್ಷದಿಂದ ಕಡಲೆಕಾಯಿ ಕಳ್ಳರನ್ನು, ಕೋಳಿ ಕಳ್ಳರನ್ನು ಹೆಜ್ಜೆ ಗುರುತಿನಿಂದಲೇ ಹಿಡಿದವನು ಅವನು. ಯಾರನ್ನು ಕಂಡರೂ ಮೊದಲು ಪಾದ ನೋಡುವನು, ಆಮೇಲೆ ಮುಖ. ಅವನಿಗೆ ಹೆಣ್ಣು ಕೊಟ್ಟ ಮಾವನೂ ಈ ವಿಷಯದಲ್ಲಿ ಇಂದಿಗೂ ತಮಾಷೆ ಮಾಡುತ್ತಿದ್ದ.

“ಏನಯ್ಯಾ ಚಿಕ್ಕಮುನಿಯಪ್ಪ, ಬೂಟು ಏರಿಸ್ಬಿಟ್ಟಿದ್ದೀಯ? ಮದುವೆ ಗಂಡಿನ ತರ?”

“ಮುಳ್ಳು ಚುಚ್ಚೈತೆ ಸಾಮಿ. ಧೂಳು ಬೀಳದಿರ್ಲಿ ಅಂತ.”

ಚಪ್ಪರದ ಹಿಂದೆ ರೈಲ್ವೆಯವರ ನೀರಿನ ತೊಟ್ಟಿ. ಎಂಜಿನ್ನಿಗೆ ನೀರು ತುಂಬಿಸುವಾಗಲೆಲ್ಲ ಚೆಲ್ಲಿ ಚೆಲ್ಲಿ, ಅಲ್ಲಿಂದ ಹಳಿಯ ಏರಿಯವರೆಗೆ ಮೂವತ್ತು ಮಾರು ಸದಾ ಕೆಸರು. ಆ ಕೆಸರಿನಲ್ಲಿ ಸೈಕಲ್ ಚಕ್ರದ ಗುರುತು ಸ್ಪಷ್ಟವಾಗಿತ್ತು. ದಾರ ಎಳೆದ ಹಾಗೆ ನೆಟ್ಟಗೆ ಹೋಗಿ, ಏರಿ ಹತ್ತಿ, ಆಚೆಯ ಗಟ್ಟಿ ನೆಲದಲ್ಲಿ ಮಾಯವಾಗಿತ್ತು.

ಕೋದಂಡಪ್ಪ ಒಂದು ಸಲ ಆ ಕಡೆಯಿಂದ ನೋಡಿದ, ಒಂದು ಸಲ ಈ ಕಡೆಯಿಂದ ನೋಡಿದ. ಪಕ್ಕದಲ್ಲಿ ಒಂದೇ ಒಂದು ಹೆಜ್ಜೆಯೂ ಇರಲಿಲ್ಲ.

“ಕಳ್ಳ ಇದನ್ನ ನೂಕ್ಕೊಂಡು ಓಗಿಲ್ಲ. ಹೊಡ್ಕೊಂಡೇ ಓಗವ್ನೆ,” ಎಂದ ತನ್ನಷ್ಟಕ್ಕೆ.

ಶ್ರೀರಾಮಪ್ಪ ಊರುಗೋಲಿನ ಮೇಲೆ ಬಾಗಿ ನೋಡಿದ. “ಅದೆಂಗಾಯ್ತದೆ ಸಾಮಿ? ನಾನೇ ಆ ಏರಿ ಅತ್ತೋಕೆ ಎರಡು ತಿಂಗಳು ತಕ್ಕೊಂಡೆ.”

ಚಿಕ್ಕಮುನಿಯಪ್ಪ ಟೈರಿನ ರಾಶಿಯ ಮೇಲೆ ಕೂತು ಎರಡು ಕೈಯಲ್ಲಿ ತಲೆ ಹಿಡಿದುಕೊಂಡ.

“ಇನ್ನೊಂದು ಸೈಕಲ್ಲು ಹಿಂಗೇ ಮಾಡಿಕೊಡೋಕಾಗಲ್ವೇನಯ್ಯಾ?” ಎಂದು ಕೇಳಿದ ಕೋದಂಡಪ್ಪ.

“ಎರಡು ದಿನದಾಗಾ? ಆಗಾಕಿಲ್ಲ ಸಾಮಿ. ಕಾಲಿಗೆ ಅದು ಒಗ್ಗಬೇಕು. ಈ ವರ್ಷ ಓಯ್ತು ಅಂದ್ಕೊಬೇಕು ಅಷ್ಟೇ.”

* * *

ಶ್ರೀರಾಮಪ್ಪನ ತಾಯಿ ನರಸಮ್ಮನ ಮೇಲೆ ಮೊದಲ ಅನುಮಾನ. ಯಾಕೆಂದರೆ ಆಕೆ ಬೀದಿ ನಲ್ಲಿಯ ಹತ್ತಿರ, ಹತ್ತು ಜನರ ಎದುರು, ಆ ಸೈಕಲ್ಲನ್ನು ಬಾವಿಗೆ ಎಸೆಯುತ್ತೇನೆಂದು ಕೂಗಾಡಿದ್ದಳು.

ಕೋದಂಡಪ್ಪ ಹೋದಾಗ ಆಕೆ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಅಂದಿದ್ದು ನಿಜ ದಫೇದಾರಪ್ಪಾ. ಮೊಣಕೈ ಕಿತ್ಕೊಂಡು, ಗದ್ದ ಒಡ್ಕೊಂಡು ದಿನಾ ಮನೇಗೆ ಬಂದ್ರೆ ಎತ್ತವಳು ಏನ್ ಮಾಡ್ಬೇಕು?”

“ಅದಕ್ಕೇ ಎಸೆದ್ಯಾ?”

ಮೊರ ನಿಂತಿತು. “ಕಾಲು ಓದ್ ಮ್ಯಾಲೆ ಒಂದೂವರೆ ವರ್ಸ ಅವನು ಗೋಡೆ ಕಡೆ ಮೊಕ ಮಾಡ್ಕೊಂಡು ಮಲಗಿದ್ದ ಸಾಮಿ. ಉಣ್ಣು ಅಂದ್ರೆ ಉಂಡ, ಬಿಡು ಅಂದ್ರೆ ಬಿಟ್ಟ. ಒಂದಿನ ಗದ್ದದಾಗೆ ರಕ್ತ ಸುರಿಸ್ಕೊಂಡು ಬಂದ. ಬಂದವನು ನಗ್ತಾ ಇದ್ದ! ‘ಅಮ್ಮಾ, ಇವತ್ತು ಆರು ಮಾರು ಓದೆ’ ಅಂದ. ನಾನು ಬೈತೀನಿ. ಬೈಯ್ಯೋದು ನನ್ನ ಕೆಲಸ. ಆ ಸೈಕಲ್ಲು ಮುಟ್ಟಿದ್ರೆ ನನ್ನ ಕೈ ಸೇದೋಗ್ಲಿ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಲು ಸೇರು ರಾಗಿ ಹೆಚ್ಚಿಗೆ ಕೇರಿದಳು. ಕೋದಂಡಪ್ಪ ಆಕೆಯ ಪಾದ ನೋಡಿದ. ಬಿರುಕು ಬಿಟ್ಟ, ಕೆಸರು ಕಾಣದ ಪಾದ. ಅಲ್ಲದೆ ಈ ಮುದುಕಿ ಒಂದು ಪೆಡಲಿನಲ್ಲಿ ರೈಲ್ವೆ ಏರಿ ಹತ್ತುವುದನ್ನು ಎಣಿಸಿಕೊಳ್ಳಲೂ ಅವನಿಂದಾಗಲಿಲ್ಲ.

* * *

ಎರಡನೆಯವನು ದೊಡ್ಡವೆಂಕಟಪ್ಪ. ಬೂದಿಕೋಟೆ ಕಡೆಯ ಹಾಲಿನವನು. ಮೂರು ವರ್ಷದಿಂದ ಆ ರೇಸು ಗೆಲ್ಲುತ್ತಿದ್ದ. “ಕುಂಟನ ಜೊತೆ ನಾನು ಓಡಬೇಕಾ?” ಎಂದು ಹೋಟೆಲಿನಲ್ಲಿ ಅಂದಿದ್ದನಂತೆ. ಹಾಲು ಹಾಕಿ ಹಿಂದಿರುಗುತ್ತಿದ್ದವನನ್ನು ಕೋದಂಡಪ್ಪ ರೈಲ್ವೆ ಸ್ಟೇಷನ್ ಮುಂದೆ ತಡೆದ.

“ಅಂದೆ ಸಾಮಿ. ಓದ ವರ್ಸ ಅಂದೆ. ಈಗ ಅನ್ನಲ್ಲ,” ಎಂದ ದೊಡ್ಡವೆಂಕಟಪ್ಪ. “ದಿನಾ ಬೆಳಿಗ್ಗೆ ದಾರೀಲಿ ಸಿಗ್ತಾನೆ. ನನ್ನ ಹಿಂದೆ ಗಾಳಿ ಮರೆ ಇಡ್ಕೊಂಡು ಬತ್ತಾನೆ ಕಳ್ಳ. ಇಳಿಜಾರು ಬಂದ್ರೆ ಮುಂದೆ ಓಗ್ಬಿಡ್ತಾನೆ. ಅವನಿಲ್ದಿದ್ರೆ ನಂಗೂ ಬ್ಯಾಸರ.”

“ಅದೆಲ್ಲ ಸರಿ. ಒಂದು ಕೆಲಸ ಮಾಡು.”

ಕೋದಂಡಪ್ಪ ಸಂತೆ ಬೀದಿಯ ಇನ್ನೊಂದು ಸೈಕಲ್ ಅಂಗಡಿಯಿಂದ ಒಂದು ಸೈಕಲ್ಲು ತರಿಸಿ, ಎಡ ಪೆಡಲು ಬಿಚ್ಚಿಸಿದ. ಬಿಚ್ಚಿ, ಬಲ ಪೆಡಲಿಗೆ ಪಟ್ಟಿ ಬಿಗಿಯಲು ಆ ಅಂಗಡಿಯವನಿಗೆ ಅರ್ಧ ಗಂಟೆ ಹಿಡಿಯಿತು. “ಚಿಕ್ಕಮುನಿಯಪ್ಪಣ್ಣ ಆಗಿದ್ರೆ ಹತ್ತು ನಿಮಿಷ,” ಎಂದು ಬೇರೆ ಹೇಳಿದ.

“ಸೈಕಲ್ ಹತ್ತಯ್ಯಾ. ಆ ಕಂಬದವರೆಗೆ ಹೊಡಿ,” ಎಂದ ಕೋದಂಡಪ್ಪ ದೊಡ್ಡವೆಂಕಟಪ್ಪನಿಗೆ.

ಮೂರು ವರ್ಷದ ಗೆಲುವಿನ ಸರದಾರ ಹತ್ತಿದ. ಪೆಡಲನ್ನು ಒಮ್ಮೆ ಒತ್ತಿದ. ಅದು ಕೆಳಗೆ ಹೋಗಿ ಅಲ್ಲೇ ನಿಂತಿತು. ಮೇಲೆಳೆಯಲು ಹೋದ. ಹ್ಯಾಂಡಲ್ಲು ಒಂದು ಕಡೆ, ಇವನೊಂದು ಕಡೆ. ಜಟಕಾ ಕುದುರೆಯ ಹುಲ್ಲಿನ ಮೇಲೆ ಹೋಗಿ ಬಿದ್ದ. ಎರಡನೇ ಸಲ ಎಡಗಾಲು ನೆಲಕ್ಕೆ ಕೊಟ್ಟು ಕೊಟ್ಟು ನಾಲ್ಕು ಮಾರು ಹೋದ. ಮೂರನೇ ಸಲ ಕುದುರೆಯೇ ಸಿಟ್ಟಾಯಿತು.

“ಬ್ಯಾಡ ಸಾಮಿ, ಜೈಲಿಗೇ ಆಕಿ,” ಎಂದು ಮೊಣಕಾಲು ತಿಕ್ಕಿಕೊಂಡ.

ಜಟಕಾದವರೆಲ್ಲ ನಕ್ಕರು. ಕೋದಂಡಪ್ಪನೂ ನಕ್ಕ. ಆದರೆ ನಗು ಬೇಗ ಇಳಿಯಿತು. ಸೈಕಲ್ಲಿನ ಮೇಲೆಯೇ ಬದುಕುವ ಇವನಿಗೇ ಹತ್ತು ಮಾರು ಹೋಗಲಾಗಲಿಲ್ಲ. ಕೆಸರು ದಾಟಿ, ಹೆಜ್ಜೆ ಊರದೆ, ಏರಿ ಹತ್ತಿದವನು ತಿಂಗಳುಗಟ್ಟಲೆ ಅದನ್ನೇ ಕಲಿತವನಾಗಿರಬೇಕು. ಬಂಗಾರಪೇಟೆಯಲ್ಲಿ ಅಂಥವನು ಒಬ್ಬನೇ ಇದ್ದ. ಅವನೇ ದೂರು ಕೊಟ್ಟವನು.

* * *

ರೇಸಿನ ಭಯಕ್ಕೆ ತನ್ನ ಸೈಕಲ್ಲನ್ನು ತಾನೇ ಬಚ್ಚಿಟ್ಟನೇ? ಹಾಗೆ ಮಾಡಿದವನ ಮೇಲೆ ಸಿಟ್ಟು ಮಾಡುವುದು ಹೇಗೆ? ಆ ಯೋಚನೆಯಲ್ಲೇ ಕೋದಂಡಪ್ಪ ಸಂಜೆ ಗರಡಿಗೆ ಹೋದ. ಶ್ರೀರಾಮಪ್ಪ ದಿನವೂ ಅಲ್ಲಿರುತ್ತಾನೆಂದು ನರಸಮ್ಮ ಹೇಳಿದ್ದಳು.

ಇದ್ದ. ಕೆಮ್ಮಣ್ಣಿನ ಮೇಲೆ ದಂಡ ಹೊಡೆಯುತ್ತಿದ್ದ. ಎರಡು ಕೈ, ಒಂದು ಕಾಲು. ಮೂವತ್ತಾಯಿತು, ನಲವತ್ತಾಯಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬಲ ಪಾದದ ಮೇಲೆ ಅಡ್ಡಕ್ಕೆ ಒಂದು ಕಪ್ಪು ಜಡ್ಡುಗಟ್ಟಿದ ಗೆರೆ. ಪೆಡಲಿನ ಟೈರಿನ ಪಟ್ಟಿ ಉಜ್ಜಿ ಉಜ್ಜಿ ಆದದ್ದು.

“ಸೈಕಲ್ಲೇ ಇಲ್ವಲ್ಲಪ್ಪಾ, ಇದ್ಯಾಕೆ ಈಗ?”

“ಸಿಕ್ಕಿದ್ರೆ? ಮೈ ಸಿದ್ಧ ಇರಬೇಕಲ್ಲ ಸಾಮಿ.”

ಕೋದಂಡಪ್ಪ ಕೇಳಿಯೇಬಿಟ್ಟ. “ಭಯ ಆಗಿ ನೀನೇ ಎಲ್ಲಾದ್ರೂ ಇಟ್ಟಿದ್ರೆ ಹೇಳಪ್ಪ. ದೂರು ಹರಿದಾಕ್ತೀನಿ. ಯಾರಿಗೂ ಗೊತ್ತಾಗಲ್ಲ.”

ಶ್ರೀರಾಮಪ್ಪ ಎದ್ದು ಕೂತ. ಮುಖ ಸಣ್ಣದಾಯಿತು. “ನಿನ್ನೆ ರಾತ್ರಿಯಿಂದ ಬೆಳಗ್ಗೆವರೆಗೂ ದೀಪದ ಕೋಣೇಲಿದ್ದೆ. ಅಲ್ಲಿ ಕೇಳಿ ಸಾಮಿ.” ಆಮೇಲೆ ಮೆಲ್ಲಗೆ ಹೇಳಿದ, “ಭಯ ಐತೆ. ಇಲ್ಲ ಅನ್ನಲ್ಲ. ಆದ್ರೂ ಓಗ್ತೀನಿ.”

ಕೋದಂಡಪ್ಪನಿಗೆ ತನ್ನ ಮೇಲೇ ಬೇಸರವಾಯಿತು.

* * *

ಶನಿವಾರ ಬೆಳಗಿನ ರೈಲಿಗೆ ಕೋರಮಂಡಲ್‌ಗೆ ಹೋದ. ದೀಪದ ಕೋಣೆಯಲ್ಲಿ ವಿಚಾರಿಸಿದ. ಶ್ರೀರಾಮಪ್ಪ ಹೇಳಿದ್ದು ನಿಜ. ಇನ್ನೂರು ದೀಪ ಕೊಟ್ಟು ಇನ್ನೂರು ದೀಪ ಎಣಿಸಿ ತೆಗೆದುಕೊಂಡಿದ್ದ. ನಡುವೆ ಎಲ್ಲೂ ಎದ್ದು ಹೋಗಿರಲಿಲ್ಲ.

ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ಹಿಂದಿರುಗಬೇಕಾದವನು, ಮೈದಾನದ ಪಕ್ಕದಲ್ಲಿ ಕ್ರೀಡಾ ಸಮಿತಿಯ ಹಲಗೆ ಕಂಡು ನಿಂತ. ಕಾರ್ಯಕ್ರಮವನ್ನು ತಮಿಳಿನಲ್ಲೂ ಕನ್ನಡದಲ್ಲೂ ಸುಣ್ಣದಲ್ಲಿ ಬರೆದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ರೇಸು, ಕೆಳಗೆ ಹದಿನಾಲ್ಕು ಹೆಸರು. ಮೇಲಿಂದ ಕೆಳಗೆ ಎರಡು ಸಲ ಓದಿದ. ಶ್ರೀರಾಮಪ್ಪನ ಹೆಸರಿರಲಿಲ್ಲ.

ಅದು ಇನ್ನೂ ಕೆಳಗಿತ್ತು. ಮಧ್ಯಾಹ್ನ ಮೂರಕ್ಕೆ ವಿನೋದ ಸ್ಪರ್ಧೆಗಳು. ಗೋಣಿಚೀಲದ ಓಟ. ವೇಷಗಾರರ ಓಟ. ಅದಾದ ಮೇಲೆ: ಕುಂಟನ ಸೈಕಲ್ ತಮಾಷೆ, ಬ್ಯಾಂಡ್ ಮತ್ತು ಇಬ್ಬರು ಕೋಡಂಗಿಗಳೊಂದಿಗೆ.

“ವಾಂಗೊ, ಬನ್ನಿ ಸಾರ್, ಕೂತ್ಕೊಳ್ಳಿ,” ಎಂದು ಸಮಿತಿಯ ಗುಮಾಸ್ತ ಕುರ್ಚಿ ಎಳೆದ. “ಅದಾ? ಜನ ನಗಲಿ ಅಂತ ಸಾರ್. ಒಳ್ಳೇ ಐಟಂ ಅದು. ಕೋಡಂಗಿ ಹಿಂದೆ ಹಿಂದೆ ಕುಂಟ್ಕೊಂಡು ಓಡ್ತಾನೆ.”

“ಇದು ಅವನಿಗೆ ಗೊತ್ತಾ?”

“ಸೈಕಲ್ ಅಂಗಡಿಯವರು ಬಂದಿದ್ರಲ್ಲ, ಗುರುವಾರ. ನಂಬರ್ ಬಟ್ಟೆ ತಗೊಂಡು ಹೋಗೋಕೆ. ಅವರು ನೋಡಿದ್ರು. ತುಂಬಾ ಹೊತ್ತು ಇಲ್ಲೇ ನಿಂತಿದ್ರು. ನಂಬರ್ ಬಟ್ಟೇನೂ ತಗೊಳ್ಳದೆ ಹೋಗ್ಬಿಟ್ರು.”

ಕೋದಂಡಪ್ಪ ಜೇಬಿಗೆ ಕೈ ಹಾಕಿದ. ಕಾಗದದಲ್ಲಿದ್ದ ಸರಪಳಿ ಕೈಗೆ ಸಿಕ್ಕಿತು. ಕೊಯ್ದ ಬಾಯಿಯ ಮೇಲೆ ಮತ್ತೆ ಹೆಬ್ಬೆರಳಾಡಿಸಿದ. ಎಲ್ಲ ಗೊತ್ತಾಯಿತು. ಗೊತ್ತಾದದ್ದಕ್ಕೆ ಸಂತೋಷವಾಗಲಿಲ್ಲ.

* * *

ಮಧ್ಯಾಹ್ನ ಅಂಗಡಿಯಲ್ಲಿ ಚಿಕ್ಕಮುನಿಯಪ್ಪ ಒಬ್ಬನೇ ಇದ್ದ. ಕೋದಂಡಪ್ಪ ಶ್ರೀರಾಮಪ್ಪನನ್ನೂ ಕರೆಸಿದ. ಅವನು ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತ.

“ಚಿಕ್ಕಮುನಿಯಪ್ಪ, ಆ ಬೂಟು ಬಿಚ್ಚಯ್ಯಾ.”

“ಮುಳ್ಳು…”

“ಮುಳ್ಳು ಎಲ್ಲಿ ಚುಚ್ಚೈತೋ ನಾನೂ ನೋಡ್ತೀನಿ.”

ಚಿಕ್ಕಮುನಿಯಪ್ಪ ಎಡ ಬೂಟು ಬಿಚ್ಚಿದ. ಬಲದ್ದಕ್ಕೆ ತಡಮಾಡಿದ. ಅದೂ ಬಂತು. ಬಲ ಪಾದದ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆಯಿತ್ತು. ಶ್ರೀರಾಮಪ್ಪ ಅದನ್ನು ನೋಡಿ, ತನ್ನ ಪಾದ ನೋಡಿಕೊಂಡ. ಅಳತೆ ಹಿಡಿದು ಹಾಕಿದಂತೆ ಅದೇ ಗೆರೆ.

“ಅಣ್ಣಾ?”

ಕೋದಂಡಪ್ಪ ಸರಪಳಿಯನ್ನು ಹಲಗೆಯ ಮೇಲಿಟ್ಟ. “ಮೊದಲನೇದು ಇದು. ಕಳ್ಳ ಕೊಯ್ದ ಕಬ್ಬಿಣ ಕೈ ಕುಯ್ಯಬೇಕು. ಇದರ ಬಾಯಿ ಅರ ಇಟ್ಟು ಉಜ್ಜಿ ನುಣ್ಣಗೆ ಮಾಡವ್ರೆ. ಅವಸರದ ಕಳ್ಳ ಹಂಗೆ ಮಾಡ್ತಾನಾ? ಕೊಯ್ದಿದ್ದನ್ನ ಹಂಗೇ ಬಿಟ್ರೆ ಯಾರಿಗಾದ್ರೂ ಗೀರ್ತದೆ ಅಂತ ಮೂವತ್ತು ವರ್ಸದಿಂದ ಉಜ್ಜಿದ ಕೈ ಇದು. ಕದಿಯೋವಾಗಲೂ ಸುಮ್ನಿರಲಿಲ್ಲ.”

ಚಿಕ್ಕಮುನಿಯಪ್ಪ ಬಿಚ್ಚಿದ ಬೂಟನ್ನು ಹಲಗೆಯ ಕೆಳಕ್ಕೆ ಸರಿಸಿದ.

“ಎರಡನೇದು, ಕೆಸರು. ನಾನು ಹೆಜ್ಜೆ ಓದ್ತೀನಿ ಅಂತ ನಿನಗೆ ಗೊತ್ತು. ಅದಕ್ಕೇ ಕಾಲೂರದೆ ಹೊಡ್ಕೊಂಡು ಓದೆ. ಹೆಜ್ಜೆ ಇಟ್ಟಿದ್ರೆ ಯಾರೋ ಕಳ್ಳ ಅಂದ್ಕೋತಿದ್ದೆ ಕಣಯ್ಯ. ಇಡದೆ ಇದ್ದಿದ್ದಕ್ಕೇ ಸಿಕ್ಕಿಬಿದ್ದೆ. ದೊಡ್ಡವೆಂಕಟಪ್ಪನ ಕೈಲೇ ಆಗದ ಕೆಲಸ ಅದು. ಶ್ರೀರಾಮಪ್ಪ ಊರಾಗಿರಲಿಲ್ಲ. ಹಂಗಾದ್ರೆ ಒಂದು ಪೆಡಲಿನಾಗೆ ಹೊಡೆಯೋಕೆ ಇನ್ಯಾರು ಕಲ್ತವ್ರೆ? ಮೂರನೇದು, ಸೈಕಲ್ಲು ಓಗಿ ಎರಡು ದಿನ ಆಯ್ತು. ನೀನು ತಲೆ ಹಿಡ್ಕೊಂಡು ಕುಂತೆ. ಆದ್ರೆ ಒಂದು ಸ್ಪ್ಯಾನರ್ ಎತ್ತಲಿಲ್ಲ. ಅಂಗಡೀಲಿ ಹನ್ನೊಂದು ಸೈಕಲ್ಲೈತೆ. ಹತ್ತು ನಿಮಿಷದ ಕೆಲಸ. ಇವನು ರೇಸಿಗೆ ಓಗಬೇಕು ಅನ್ನೋ ಆಸೆ ಇದ್ದಿದ್ರೆ ಮೊದಲ ಗಂಟೇಲೇ ಇನ್ನೊಂದು ಸೈಕಲ್ಲು ಬಿಚ್ಚಿ ಕುಂತಿರ್ತಿದ್ದೆ.”

“ನಮ್ಮಕ್ಕನ ಕಣದಾಗೈತೆ,” ಎಂದ ಚಿಕ್ಕಮುನಿಯಪ್ಪ. “ರಾಗಿ ಹುಲ್ಲಿನ ಮೆದೆಯೊಳಗೆ.”

“ಯಾಕಣ್ಣಾ?” ಶ್ರೀರಾಮಪ್ಪನ ದನಿ ಮಕ್ಕಳ ದನಿಯಂತಿತ್ತು.

ಕ್ರೀಡಾ ಸಮಿತಿಯ ಹಲಗೆಯಲ್ಲಿ ಬರೆದದ್ದನ್ನು ಕೋದಂಡಪ್ಪನೇ ಹೇಳಬೇಕಾಯಿತು. ಬ್ಯಾಂಡು, ಕೋಡಂಗಿ, ಎಲ್ಲ ಹೇಳಿದ. ಹೇಳುವಾಗ ಶ್ರೀರಾಮಪ್ಪನ ಮುಖ ನೋಡಲಾಗದೆ ಗೋಡೆಯ ಮೇಲಿನ ಚಕ್ರಗಳನ್ನು ನೋಡುತ್ತಿದ್ದ.

“ಈ ಗೆರೆ?” ಎಂದ ಶ್ರೀರಾಮಪ್ಪ. ಅವನ ಕಣ್ಣು ಆ ಪಾದದ ಮೇಲೇ ಇತ್ತು.

“ನಿಂಗೆ ಕಲಿಸ್ಬೇಕಿತ್ತಲ್ಲ,” ಎಂದ ಚಿಕ್ಕಮುನಿಯಪ್ಪ. “ನಂಗೇ ಬರದಿದ್ದು ಎಂಗ್ ಕಲಿಸ್ಲಿ? ನೀನು ಮಲಗಿದ್ದಾಗ, ದಿನಾ ಬೆಳಗಾಗೆ ಕೆರೆ ಅಂಗಳಕ್ಕೆ ಓಗ್ತಿದ್ದೆ. ಎಡಗಾಲು ಮಡಿಚಿ, ಟವಲಲ್ಲಿ ಸೊಂಟಕ್ಕೆ ಬಿಗಿದು ಕಟ್ಕೊಂಡು ಹೊಡೀತಿದ್ದೆ. ನಾಲ್ಕು ತಿಂಗಳು. ಎಲ್ಲಿ ಬೀಳ್ತಾರೆ, ಯಾಕ್ ಬೀಳ್ತಾರೆ ಅಂತ ಎಲ್ಲಾ ಬಿದ್ದು ನೋಡ್ಕೊಂಡೆ. ಆಮ್ಯಾಕೆ ನಿನ್ನ ಕರ್ದೆ. ಏನಾದ್ರೂ ಸರಿ ಇಲ್ಲ ಅನ್ನಿಸಿದ್ರೆ ಈಗ್ಲೂ ಓಗಿ ಕಟ್ಕೊಂಡು ನೋಡ್ತೀನಿ.” ಅವನು ಮೂಗೊರೆಸಿಕೊಂಡ. “ಆ ರಾತ್ರಿ ಅದನ್ನ ನೂಕ್ಕೊಂಡು ಓಗಬಹುದಿತ್ತು. ಮನಸ್ಸು ಬರಲಿಲ್ಲ. ಇನ್ಮ್ಯಾಲೆ ಇದನ್ನ ಯಾರೂ ಹೊಡೆಯಲ್ವಲ್ಲ ಅನ್ನಿಸ್ತು. ಹೊಡೆದೆ. ನಿನ್ನ ನೋಡಿ ಅವರು ನಗೋದು ನನ್ನ ಕೈಲಿ ನೋಡೋಕಾಗಲ್ಲ ಕಣ್ಲಾ.”

ಗೂಡ್ಸ್ ರೈಲೊಂದು ಹೋಯಿತು. ಅಷ್ಟೂ ಡಬ್ಬಿ ದಾಟಿದ ಮೇಲೆ ಶ್ರೀರಾಮಪ್ಪ ಹೇಳಿದ.

“ಅಣ್ಣ, ನನ್ನ ಆಸ್ಪತ್ರೆಗೆ ಒಯ್ದಾಗ ನನಗೆ ಎಚ್ಚರ ಇರಲಿಲ್ಲ. ಕಾಲು ತೆಗೀಬೇಕು ಅಂತ ಡಾಕ್ಟ್ರು ತೀರ್ಮಾನ ಮಾಡಿದ್ರು. ತೆಗೆದ್ರು. ನನ್ನ ಯಾರೂ ಕೇಳಲಿಲ್ಲ. ಅವರದ್ದೇನೂ ತಪ್ಪಿಲ್ಲ. ಆದ್ರೆ ನೀನು ಕೇಳಬೋದಾಗಿತ್ತು. ನಂಗೆ ಎಚ್ಚರ ಇತ್ತು.”

ಚಿಕ್ಕಮುನಿಯಪ್ಪನಿಗೆ ಅಳು ತಡೆಯಲಾಗಲಿಲ್ಲ. ಎಣ್ಣೆ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡ. ಶ್ರೀರಾಮಪ್ಪ ಊರುಗೋಲು ಊರಿ ಎದ್ದ. ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟು ನಿಂತ. ಸಿಟ್ಟು ಹೋಗಿರಲಿಲ್ಲ, ಆದರೂ ಕೈ ತೆಗೆಯಲಿಲ್ಲ.

“ಸಾಮಿ, ದೂರು ವಾಪಸ್ ತಗೋತೀನಿ. ಸೈಕಲ್ಲು ತರಿಸಿ. ಕೋಡಂಗಿ ಜೊತೆ ನಾನು ಓಗಲ್ಲ. ರೇಸಿಗೆ ಓಗ್ತೀನಿ.”

* * *

ಕೋದಂಡಪ್ಪ ಅದೇ ದಿನ ಎರಡನೇ ಸಲ ಕೋರಮಂಡಲ್ ರೈಲು ಹತ್ತಿದ. ಗುಮಾಸ್ತನ ಮುಂದೆ, ಶ್ರೀರಾಮಪ್ಪ ಕೊಟ್ಟ ಮೊಹರು ಬಿದ್ದ ಚೀಟಿ ಇಟ್ಟ.

“ಇದು ಯಾವ ರೇಸಿಗೆ ಕೊಟ್ಟ ಚೀಟಿ?”

“ಬೆಳಗಿನದಕ್ಕೇ ಸಾರ್. ಆದರೆ ಪಟ್ಟಿ ಮುಗಿದಿದೆ…”

“ಮುಗೀಲಿ ಬಿಡಿ. ನಾಳೆ ಬಂಗಾರಪೇಟೆ ಗೇಟಿನ ಬಂದೋಬಸ್ತು ನಂದು. ಹೆಸರು ಕೊಟ್ಟು ಚೀಟಿ ಪಡೆದವರೆಲ್ಲ ಬಂದು ತಿರುಗೋವರೆಗೂ ನಾನು ಅಲ್ಲೇ ಇರಬೇಕು. ಒಬ್ಬರು ಕಮ್ಮಿ ಬಂದ್ರೂ ಹುಡುಕ್ತಾ ಇಲ್ಲಿಗೆ ಬರ್ತೀನಿ. ಎಷ್ಟು ಹೊತ್ತಾಗ್ತದೋ ಗೊತ್ತಿಲ್ಲ. ನಿಮ್ಮ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಬ್ಯಾಂಡಿನವರಿಗೆ ಊಟ ಹಾಕಿ ಕಾಯ್ತಾ ಇರಿ.”

ಗುಮಾಸ್ತ ಅವನ ಮುಖ ನೋಡಿದ. ನಗುತ್ತಿದ್ದಾನೋ ಗದರುತ್ತಿದ್ದಾನೋ ತಿಳಿಯಲಿಲ್ಲ. ಸುಣ್ಣದ ಡಬ್ಬಿ ತಂದು ಹದಿನೈದನೇ ಹೆಸರು ಬರೆದ. ಕೆಳಗಿನ ಸಾಲನ್ನು ಕೋದಂಡಪ್ಪ ತನ್ನ ಕರವಸ್ತ್ರದಿಂದಲೇ ಒರೆಸಿದ. ನಂಬರ್ ಬಟ್ಟೆ ಮುಗಿದಿದ್ದವು. ಬಂಗಾರಪೇಟೆಯಲ್ಲಿ ನರಸಮ್ಮ ಬೈಯುತ್ತ ಬೈಯುತ್ತ ಹಳೆಯ ಪಂಚೆ ಹರಿದು, ಕೆಂಪು ದಾರದಲ್ಲಿ ಹದಿನೈದು ಎಂದು ಹೊಲಿದುಕೊಟ್ಟಳು.

ಭಾನುವಾರ ಗೇಟಿನ ಬಳಿ ಜನವೋ ಜನ. ದೊಡ್ಡವೆಂಕಟಪ್ಪ ಮೊದಲು ಬಂದ, ತಿರುಗಿದ, ಹೋದ. ಅವನ ಹಿಂದೆ ಆರೇಳು ಮಂದಿ. ಆಮೇಲೆ ಇನ್ನಷ್ಟು. ಕೊನೆಗೆ ಶ್ರೀರಾಮಪ್ಪ ಕಾಣಿಸಿದ. ಅವನ ಹಿಂದೆ ಇನ್ನೂ ಇಬ್ಬರಿದ್ದರು. ಯಾರೋ ಕಿಸಕ್ಕೆಂದು ನಕ್ಕರು, ಇನ್ಯಾರೋ ಸೀಟಿ ಹಾಕಿದರು.

ಆ ರಸ್ತೆಯಲ್ಲಿ ಕಷ್ಟದ ಜಾಗವೆಂದರೆ ತಿರುವೇ. ಪೀಪಾಯಿಯೊಂದನ್ನು ಸುತ್ತಬೇಕು. ಉಳಿದವರು ಕಾಲೂರಿ ತಿರುಗಿದ್ದರು. ಇವನಿಗೆ ಎಡಕ್ಕೆ ಊರಲು ಕಾಲಿಲ್ಲ. ಮುಕ್ಕಾಲು ಸುತ್ತಿದ. ಜಲ್ಲಿಯಲ್ಲಿ ಚಕ್ರ ಜಾರಿತು. ಸೈಕಲ್ಲಿನ ಜೊತೆಗೇ ದಬ್ಬೆಂದು ಬಿದ್ದ.

ಜನ ಹೋ ಎಂದು ಮುನ್ನುಗ್ಗಿದರು. ಅಯ್ಯೋ ಪಾಪ ಎಂದು ಹತ್ತಿಪ್ಪತ್ತು ಕೈ ಚಾಚಿದವು. ಕೋದಂಡಪ್ಪ ಲಾಠಿ ಅಡ್ಡ ಹಿಡಿಯುವ ಮೊದಲೇ ಒಬ್ಬ ಮನುಷ್ಯ ಎರಡು ಕೈ ಅಗಲಿಸಿ ಜನರೆದುರು ನಿಂತಿದ್ದ. ಚಿಕ್ಕಮುನಿಯಪ್ಪ. ಬರಿಗಾಲಲ್ಲಿದ್ದ.

“ಯಾರೂ ಮುಟ್ಟಬ್ಯಾಡಿ!” ಎಂದು ಕೂಗಿದ. ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಊರು ಕೇಳಿರಲಿಲ್ಲ. ಆಮೇಲೆ ತಿರುಗಿ, ತಾನೂ ಮುಟ್ಟದೆ, ಧೂಳಿನಲ್ಲಿ ಬಿದ್ದವನ ಪಕ್ಕ ಮೊಣಕಾಲೂರಿ ಕೂತ.

“ಶ್ರೀರಾಮಾ, ಹಿಡೀಲಾ? ಬ್ಯಾಡವಾ?”

ಶ್ರೀರಾಮಪ್ಪ ಗದ್ದದ ಧೂಳು ಒರೆಸಿಕೊಂಡು ಅವನನ್ನು ನೋಡಿದ.

“ನನ್ನ ಬ್ಯಾಡ. ಸೈಕಲ್ಲು ಮಾತ್ರ ಇಡ್ಕೋ ಅಣ್ಣ.”

ಚಿಕ್ಕಮುನಿಯಪ್ಪ ಸೈಕಲ್ಲು ಹಿಡಿದು ನೆಟ್ಟಗೆ ನಿಲ್ಲಿಸಿದ. ಶ್ರೀರಾಮಪ್ಪ ಒಂದೇ ಕಾಲಿನ ಮೇಲೆ ಎದ್ದು, ಸೀಟಿಗೆ ಕೈಕೊಟ್ಟು ಹತ್ತಿ, ಪಾದವನ್ನು ಪಟ್ಟಿಯೊಳಗೆ ತೂರಿಸಿದ. ಹಿಂದಿನ ಇಬ್ಬರು ಅವನನ್ನು ದಾಟಿ ಹೋದರು. ಈಗ ಯಾರೂ ನಗುತ್ತಿರಲಿಲ್ಲ.

“ಬಿಡು,” ಎಂದ.

ಚಿಕ್ಕಮುನಿಯಪ್ಪ ಬಿಟ್ಟ.